ಒಂದು ಗೇಣು ದೂರ

ಹಿಮ್ಮಡಿ, ಅದೇ ಹಿಮ್ಮಡಿ, ಅಂಚೆಲ್ಲ ಬಿರಿದು ಗೋಡೆಯಿಂದ ಉದುರುವ ಸುಣ್ಣದ ಹಾಗೆ ಬೆಳ್ಳಗಾಗಿದೆ, ಒಂದು ಕಾಲಕ್ಕೆ ಇದು ವಾರ್ಡಿನ ಆ ತುದಿಯಿಂದ ಟಕ್ ಟಕ್ ಎಂದು ಹೊರಟರೆ ಈ ತುದಿಯಲ್ಲಿ ಹೊಸ ನರ್ಸುಗಳ ಎದೆ ಅದಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು, ಈಗ ನೋಡು, ಹಸಿರು ಬಟ್ಟೆಯ ಮೇಲೆ ತೆಪ್ಪಗೆ ಬಿದ್ದಿದೆ, ಸಕ್ಕರೆ ಕಾಯಿಲೆ ನರಗಳನ್ನೆಲ್ಲ ತಿಂದು ಹಾಕಿದೆ, ಚಿಮಟದಿಂದ ಚುಚ್ಚಿದರೂ ಗೊತ್ತಾಗಲಿಕ್ಕಿಲ್ಲ — ಚುಚ್ಚಿ ನೋಡಲೇ, ಎಂದುಕೊಂಡಳು, ಚುಚ್ಚಲಿಲ್ಲ, ಹತ್ತಿಯನ್ನು ಉಪ್ಪುನೀರಿನಲ್ಲಿ ಅದ್ದಿ ಗಾಯದ ಅಂಚಿನ ಕೊಳೆತ ಹಳದಿಯನ್ನು ಒರೆಸಿದಳು. ಗಾಯ ಪಾದದ ಹೊರಮಗ್ಗುಲಲ್ಲಿ, ಕಾಲಿನ ಗೆಣ್ಣಿನ ಕೆಳಗೆ, ಬಾಟಲಿ ಮುಚ್ಚಳದಷ್ಟು ಅಗಲ, ಏಳು ತಿಂಗಳಿಂದ ಮಾಯದ್ದು, ಮಾತ್ರೆ ಮುಗಿದವು, ಇಂಜೆಕ್ಷನ್ ಮುಗಿದವು, ಮುಲಾಮುಗಳ ಮೆರವಣಿಗೆಯೂ ಮುಗಿಯಿತು, ಉಳಿದದ್ದು ಈ ಬೆಳಕಿನ ಚಿಕಿತ್ಸೆ, ಆರು ಸಲ ಕೊಡಬೇಕು, ಇವತ್ತು ಆರನೆಯದು, ಇವತ್ತೂ ಕೆಂಪು ಮಾಂಸ ಮೇಲೇಳದಿದ್ದರೆ ಗುರುವಾರ ಪಾದ ತೆಗೆಯುವುದೆಂದು ಆಪರೇಷನ್ ಡಾಕ್ಟರು ಫೈಲಿನಲ್ಲಿ ಬರೆದಾಗಿದೆ, ಪಾದ ಅಂದರೆ ಹಿಮ್ಮಡಿಯೂ ಸೇರಿ, ಟಕ್ ಟಕ್ ಸಮೇತ. ಐದು ಸಲ ಮಾಡಿದ್ದು ಬೇರೆ ನರ್ಸು, ಇವತ್ತು ಅವಳ ಮಗುವಿಗೆ ಜ್ವರ, ರಜೆ, ಬೆಳಿಗ್ಗೆ ಪಟ್ಟಿ ನೋಡಿದಾಗ ಹನ್ನೊಂದು ಗಂಟೆಯ ಸಾಲಿನಲ್ಲಿ ಆ ಹೆಸರು, ಎಷ್ಟೋ ಹೊತ್ತು ನೋಡಿದಳು, ಅಕ್ಷರಗಳು ಅಲ್ಲಾಡಲಿಲ್ಲ — ಏ ಹುಡುಗಿ, ಕೈ ತೊಳ್ಕೊಂಡ್ಯೇನೇ? ಅದೋ ಬಂತು. ಗಾಲಿಕುರ್ಚಿಯಿಂದ ಮಂಚಕ್ಕೆ ಎತ್ತಿ ಮಲಗಿಸಿದಾಗ ಗುರುತೇ ಸಿಗದವರ ಹಾಗೆ ಸೂರು ನೋಡುತ್ತಿದ್ದ ಹೆಡ್ ಸಿಸ್ಟರ್, ನಿವೃತ್ತಿಯಾಗಿ ಹದಿನೈದು ವರ್ಷವಾದರೂ ಹೆಡ್ ಸಿಸ್ಟರೇ, ತಲೆ ಎತ್ತದೆ ಕೇಳಿದ್ದು ಅದೊಂದೇ ಮಾತು. ಅಂದರೆ ಗುರುತು ಸಿಕ್ಕಿದೆ. ಐವತ್ತೆರಡು ವರ್ಷದ ಹೆಂಗಸು ನಾನು, ಮಗಳ ಮದುವೆ ಮಾಡಿದ್ದೇನೆ, ಮಂಡಿ ನೋಯುತ್ತದೆ, ಈಕೆಗೆ ಮಾತ್ರ ಇನ್ನೂ ಹುಡುಗಿ. ತೊಳ್ಕೊಂಡಿದೀನಿ ಸಿಸ್ಟರ್, ಎಂದಳು, ಗಂಟಲಿನಿಂದ ಹೊರಟ ದನಿ ಇಪ್ಪತ್ತಾರು ವರ್ಷ ಹಳೆಯದು, ಅದಕ್ಕೇ ಮೈಯೆಲ್ಲ ಉರಿದುಹೋಯಿತು.

ಆ ವರ್ಷ ಆರು ತಿಂಗಳ ಬಸುರಿ, ಬಿಳಿ ಸಮವಸ್ತ್ರದ ಕೆಳಗಿನ ಎರಡು ಗುಂಡಿ ಹಾಕಲು ಬರುತ್ತಿರಲಿಲ್ಲ, ಮೂಲೆಯ ಮಂಚದಲ್ಲಿ ಹನ್ನೊಂದು ವರ್ಷದ ಹುಡುಗಿ, ಗೋಡೆ ಹತ್ತಿ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡವಳು, ಒಳಗೆ ಲೋಹದ ಸಲಾಕೆ ಇಟ್ಟಿದ್ದರು, ಕೈಯಲ್ಲಿ ಯಾವಾಗಲೂ ಹಗ್ಗ, ಮಲಗಿದಲ್ಲೇ ಬೆರಳಿಗೆ ಸುತ್ತಿ ಬಿಚ್ಚಿ, ಅಕ್ಕಾ ನಾನು ಒಂದೇ ಉಸಿರಿಗೆ ನೂರ ಹನ್ನೆರಡು ಸಲ ಹಾರ್ತೀನಿ ಗೊತ್ತಾ, ಗೊತ್ತು ಕಣೇ, ಕಾಲು ನೀಡು. ಬೆಳಿಗ್ಗೆ ಒಂದು ಡ್ರೆಸಿಂಗ್, ಸಂಜೆ ಒಂದು, ಪ್ರತಿ ಸಲ ಮೊಣಕೈವರೆಗೆ ತೊಳೆದು, ಉಗುರ ಸಂದಿ ಉಜ್ಜಿ, ಆದರೂ ಗಾಯ ಮಾತು ಕೇಳಲಿಲ್ಲ, ಒಂದು ದಿನ ಸೋರಿತು, ಒಂದು ದಿನ ನಾತ ಬಂತು, ಒಂದು ದಿನ ಕಪ್ಪಾಯಿತು. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದವರು ಮೂಗು ಮುಚ್ಚಿಕೊಂಡು ಯಾರು ಇದನ್ನ ನೋಡ್ಕೊಳ್ತಿದ್ದದ್ದು ಅಂದರು, ಹೆಡ್ ಸಿಸ್ಟರ್ ಕಣ್ಣು ಮಿಟುಕಿಸದೆ, ಈ ಹುಡುಗಿ ಸಾರ್, ಕೈ ತೊಳೀದೆ ಗಾಯ ಮುಟ್ತಾಳೆ, ನಾನೇ ನೋಡಿದೀನಿ. ನಾನೇ ನೋಡಿದೀನಿ! ಆಮೇಲೆ ವಾರ್ಡಿನ ನಡುವಿನ ನಲ್ಲಿ, ಬಾ ಇಲ್ಲಿ, ಹೇಗೆ ತೊಳೀತಾರೆ ಅಂತ ಕಲಿಸ್ತೀನಿ, ತೊಳಿ, ಇನ್ನೊಂದ್ಸಲ, ಇನ್ನೊಂದ್ಸಲ, ಏಳು ಸಲ, ಮೂವತ್ತು ಮಂಚಗಳು ನೋಡುತ್ತಿದ್ದವು, ಬೆನ್ನಿಗೆ ಪಟ್ಟಿ ಕಟ್ಟಿಸಿಕೊಂಡ ಯಾವನೋ ಒಬ್ಬ ನಾಲ್ಕು, ಐದು ಎಂದು ಗಟ್ಟಿಯಾಗಿ ಎಣಿಸಿದ, ಹೊಟ್ಟೆಯೊಳಗಿನ ಮಗು ಒದೆಯಿತು, ಹುಡುಗಿ ಮೂಲೆಯಿಂದ ಹಗ್ಗ ಹಿಡಿದು ನೋಡುತ್ತಿದ್ದಳು, ಅವಳ ಕಣ್ಣಲ್ಲಿದ್ದದ್ದು ಕೋಪವಲ್ಲ, ಅಕ್ಕ ಹೀಗೆ ಮಾಡಿದಳಾ ಎನ್ನುವ ಆಶ್ಚರ್ಯ. ಮರುದಿನ ಅವಳ ಕಾಲು ತೆಗೆದರು. ಮರುದಿನವೇ ಇವಳನ್ನು ಬಟ್ಟೆ ಒಗೆಯುವ ವಿಭಾಗಕ್ಕೆ ಹಾಕಿದರು, ಆರು ವರ್ಷ, ರಕ್ತದ ಚಾದರಗಳ ನಡುವೆ, ಮತ್ತು ಹೆಸರು — ಸೋಪಮ್ಮ. ಯಾರು ಇಟ್ಟರೋ ಗೊತ್ತಿಲ್ಲ, ಹೆಸರು ಅಂಟಿತು ನೋಡಿ, ಅಪ್ಪ ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ. ಅಮ್ಮ ಕೂಡ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮೆಲ್ಲಗೆ ಕೇಳಿದಳಲ್ಲ, ನನ್ನ ಹತ್ರ ನಿಜ ಹೇಳು ಮಗಳೇ, ತೊಳೆದಿದ್ಯೋ ಇಲ್ವೋ, ಆ ಇಲ್ವೋ ಎಂಬುದನ್ನು ಅಮ್ಮ ಸತ್ತ ಮೇಲೂ ಕ್ಷಮಿಸಲಾಗಲಿಲ್ಲ. ಮಗು ಹುಟ್ಟಿದಾಗ ಹೊಕ್ಕುಳ ಒರೆಸಲು ಕೈ ಮುಂದೆ ಹೋಗಲಿಲ್ಲ, ಬೆರಳುಗಳು ಗಾಳಿಯಲ್ಲಿ ನಿಂತವು, ನಾದಿನಿ ಬಂದು ಒರೆಸಿದಳು, ನಾದಿನಿಯೇ ಮೀಯಿಸಿದಳು, ಏನತ್ತಿಗೆ ನಿಮ್ಮದೇ ಮಗೂನ ಮುಟ್ಟೋಕೆ ಹೆದರ್ತೀರಲ್ಲ ಎಂದು ನಕ್ಕಳು, ಅವಳಿಗೇನು ಗೊತ್ತು. ಗಂಡ ಮಾತ್ರ ಏನನ್ನೂ ಕೇಳಲಿಲ್ಲ, ಇವಳು ನಲ್ಲಿ ನಿಲ್ಲಿಸಿದ ಮೇಲೆ, ತೊಳೆದೂ ತೊಳೆದೂ ಸೀಳಿದ ಬೆರಳುಗಳಿಗೆ ಎಣ್ಣೆ ಹಚ್ಚುತ್ತಿದ್ದ, ಹೀಗೇ ತೊಳೀತಾ ಹೋದ್ರೆ ಒಂದಿನ ಮುಂಗೈ ಮಾತ್ರ ಉಳಿಯುತ್ತೆ ನೋಡು. ಮತ್ತೆ ಆ ಹುಡುಗಿ, ಹೋದ ವರ್ಷ ಬಸ್ಸಿನ ನಿಲ್ದಾಣದಲ್ಲಿ, ಮೂವತ್ತು ದಾಟಿದ ಹೆಂಗಸಾಗಿ, ಕಂಕುಳಲ್ಲಿ ಊರುಗೋಲು, ಇವಳು ಕಂಬದ ಹಿಂದೆ ಹೋಗಿ ನಿಂತಳು, ಎರಡು ಬಸ್ಸು ಹೋದ ಮೇಲೆ ಹೊರಗೆ ಬಂದಳು.

ಏನೇ ಅಷ್ಟು ಹೊತ್ತು ಒರೆಸೋದು, ಚರ್ಮ ಕಿತ್ತು ಬರುತ್ತೆ, ಎಂದಿತು ಮಂಚದಿಂದ ಬಂದ ದನಿ, ಆಯ್ತು ಸಿಸ್ಟರ್ ಆಯ್ತು. ಹಳದಿ ಹೋದ ಜಾಗದಲ್ಲಿ, ಗಾಯದ ತಳದಲ್ಲಿ, ಕೆಂಪಗೆ ಏನೋ ಕಂಡಿತು, ಬಗ್ಗಿ ನೋಡಿದಳು, ದಾಳಿಂಬೆಯ ಕಾಳಿನ ಹಾಗೆ ನಾಲ್ಕೈದು ಹೊಸ ಮಾಂಸದ ಗುಳ್ಳೆಗಳು, ಬೇರೆ ಯಾರ ಗಾಯದಲ್ಲಾದರೂ ಕಂಡಿದ್ದರೆ ಹೊರಗೆ ಓಡಿ ಡಾಕ್ಟರನ್ನು ಕರೆದುಕೊಂಡು ಬರುತ್ತಿದ್ದಳು, ಈಗ, ಛೇ, ಮಾಯುತ್ತಿದೆ — ಇಂಥವರದ್ದೇ ಮಾಯುತ್ತದೆ. ಸಿರಿಂಜಿನಲ್ಲಿ ನೀಲಿ ದ್ರವ ಎಳೆದು ತೊಟ್ಟು ತೊಟ್ಟಾಗಿ ಬಿಟ್ಟಳು, ಗಾಯ ನೀಲಿಯಾಯಿತು, ಮೇಲೆ ಕಪ್ಪು ಬಟ್ಟೆ, ಪರದೆ ಎಳೆದಾಯಿತು, ಹತ್ತು ನಿಮಿಷ ಬಣ್ಣ ಒಳಗೆ ಇಳಿಯಬೇಕು. ಚಳಿಗಾಲದಲ್ಲಿ ಬೆಳಕಿನ ಡಾಕ್ಟರು — ಆಕೆಯನ್ನು ಎಲ್ಲರೂ ಹಾಗೇ ಕರೆಯುವುದು, ಮಗಳ ವಯಸ್ಸಿನ ಹೆಣ್ಣು, ಮಾತು ಪಟಪಟ — ನರ್ಸುಗಳನ್ನೆಲ್ಲ ಹಿತ್ತಲಿನ ನೀರಿನ ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋಗಿ, ಒಳಗೆ ಬೆರಳಾಡಿಸಿ ನೋಡಿ ಅಂದಿದ್ದರು, ಜಾರುತ್ತೆ ಅಲ್ವಾ, ನೀರು ಎಷ್ಟು ಸುರಿದ್ರೂ ಹೋಗಲ್ಲ ಅಲ್ವಾ, ಗಾಯದಲ್ಲೂ ಇದೇ, ಕೀಟಾಣುಗಳು ಬಿಡಿಬಿಡಿಯಾಗಿದ್ರೆ ಔಷಧಿಗೆ ಸಾಯ್ತವೆ, ಗುಂಪಾಗಿ ಸೇರಿ ಸುತ್ತ ಲೋಳೆ ಕಟ್ಕೊಂಡು ಕೂತ್ವೋ, ಮುಗೀತು, ಔಷಧಿ ಹೊರಗೇ ನಿಂತ್ಕೊಳ್ಳುತ್ತೆ, ಈ ಬಣ್ಣ ಮಾತ್ರ ಲೋಳೆಯೊಳಗೆ ನುಗ್ಗುತ್ತೆ, ಆಮೇಲೆ ಕೆಂಪು ಬೆಳಕು ಬಿತ್ತು ಅಂದ್ರೆ ಅದೇ ಬಣ್ಣ ಅವುಗಳ ಪಾಲಿಗೆ ಬೆಂಕಿ. ಗಾಯದೊಳಗೆ ಮೂಳೆಗೆ ಹಾಕಿದ ಸಲಾಕೆಯಂಥ ಲೋಹ ಗೀಹ ಇದ್ರಂತೂ ಲೋಳೆ ಮೊದಲು ಕಟ್ಟೋದೇ ಅದರ ಮೇಲೆ, ಹೊರಗಡೆ ನೀವು ಎಷ್ಟು ಉಜ್ಜಿದ್ರೂ ಒಳಗಿರೋದು ಅಲ್ಲಾಡಲ್ಲ. ಒದ್ದೆ ಬೆರಳು ಡ್ರಮ್ಮಿನಲ್ಲೇ ಇತ್ತು, ಬಾಯಿ ತಾನಾಗಿ ಕೇಳಿತು, ಮೇಡಂ, ಅದು ಡ್ರೆಸಿಂಗ್ ಮಾಡೋರ ಕೈಯಿಂದ ಬರುತ್ತಾ? ಬರಬಹುದು ಸಿಸ್ಟರ್, ಬಿದ್ದ ಜಾಗದ ಮಣ್ಣಿಂದ ಬಂದಿರಬಹುದು, ಸಲಾಕೆ ಹಾಕಿದ ದಿನವೇ ಸೇರ್ಕೊಂಡಿರಬಹುದು, ಇಂಥವರ ಕೈಯಿಂದ್ಲೇ ಅಂತ ಹೇಳೋಕಾಗಲ್ಲ. ಹೇಳೋಕಾಗಲ್ಲ. ಇಷ್ಟೇ, ಒಂದು ಮಾತು, ಆವತ್ತು ಆ ವಾರ್ಡಿನಲ್ಲಿ ಯಾರಾದರೂ ಒಬ್ಬರು ಹೇಳಬಹುದಿತ್ತು, ಹೇಳೋಕಾಗಲ್ಲ ಅಂತ. ಆ ದಿನ ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಇವಳು ಅತ್ತದ್ದೋ ನಕ್ಕದ್ದೋ, ಪಕ್ಕದಲ್ಲಿದ್ದವಳು ಎದ್ದು ಬೇರೆ ಸೀಟಿಗೆ ಹೋದಳು.

ಹತ್ತು ನಿಮಿಷ ಆಯಿತು. ಕಣ್ಣಿಗೆ ಇದನ್ನ ಹಾಕ್ಕೊಳ್ಳಿ, ಕಪ್ಪು ಕನ್ನಡಕ, ಅಯ್ಯೋ ಏನೂ ಕಾಣ್ಸಲ್ವಲ್ಲೇ, ಕಾಣಿಸಬಾರದು ಸಿಸ್ಟರ್, ಅದಕ್ಕೇ ಹಾಕೋದು. ದೀಪದ ತೋಳನ್ನು ಎಳೆದಳು, ಬೆಳಕಿಗೂ ಗಾಯಕ್ಕೂ ನಡುವೆ ಒಂದು ಗೇಣು, ಹೆಚ್ಚಲ್ಲ ಕಡಿಮೆಯಲ್ಲ, ಡಾಕ್ಟರು ಹತ್ತು ಸಲ ಹೇಳಿದ್ದಾರೆ, ದೂರ ಎರಡರಷ್ಟಾದ್ರೆ ಬೆಳಕು ಅರ್ಧ ಆಗಲ್ಲ ಸಿಸ್ಟರ್, ಕಾಲುಭಾಗಕ್ಕಿಳಿಯುತ್ತೆ. ಹೆಬ್ಬೆರಳು ಕಿರುಬೆರಳು ಅಗಲಿಸಿ ಅಳತೆ ಹಿಡಿದಳು, ಗುಂಡಿ ಒತ್ತಿದಳು, ಹದಿನೈದು ನಿಮಿಷದ ಎಣಿಕೆ ಶುರುವಾಯಿತು, ಕಾಲಮೇಲೆ ಕೆಂಪು ಬಿತ್ತು, ಆಮೇಲೆ — ಆಮೇಲೆ ಏನಾಯಿತೆಂದರೆ, ಕೈ ಮೇಲೆ ಹೋಯಿತು. ಅಷ್ಟೇ. ದೀಪದ ತೋಳು ಸದ್ದಿಲ್ಲದೆ ಏರಿತು, ಒಂದು ಗೇಣು ಒಂದು ಮೊಳವಾಯಿತು, ಕೆಂಪು ತೆಳ್ಳಗಾಗಿ ಮಂಚದ ಅರ್ಧಕ್ಕೆ ಹರಡಿಕೊಂಡಿತು, ನೋಡಲು ಇನ್ನೂ ಚೆಂದ. ಯಾರಿಗೆ ಗೊತ್ತಾಗುತ್ತದೆ, ಯಂತ್ರ ನಿಮಿಷ ಎಣಿಸುತ್ತದೆಯೇ ಹೊರತು ಗೇಣು ಎಣಿಸುವುದಿಲ್ಲ, ಕೆಂಪು ಗುಳ್ಳೆಗಳನ್ನು ಕಂಡದ್ದು ನಾನೊಬ್ಬಳೇ, ಲೋಳೆ ಉಳಿದರೆ ನಾಳೆಗೆ ಅದರ ಮೇಲೆ ಮತ್ತೆ ಹಳದಿ, ಗುರುವಾರ ಬರುತ್ತದೆ, ಹೋಗಲಿ, ಒಂದು ಕಾಲಿಗೆ ಒಂದು ಕಾಲು, ಆ ಮಗು ಹಗ್ಗ ಹಿಡಿದು ನೋಡಿತಲ್ಲ, ಈಕೆಯೂ ಊರುಗೋಲು ಹಿಡಿಯಲಿ, ಟಕ್ ಟಕ್ ಅನ್ನಲಿ ನೋಡೋಣ. ಒಂದು ನಿಮಿಷ, ಎರಡು, ಮೂರು, ಬೆಳಕು ಸರಿಯಾಗಿ ಬಿದ್ದಿದ್ದರೆ ನೀಲಿ ಇಷ್ಟು ಹೊತ್ತಿಗೆ ಬಿಳಿಚಿಕೊಳ್ಳಬೇಕು, ಬಿಳಿಚಿಲ್ಲ, ಗಾಯದಲ್ಲಿ ಹಾಗೇ ಕೂತಿದೆ, ಗಾಢವಾಗಿ, ಶಾಯಿಯ ಹಾಗೆ, ಅದನ್ನು ನೋಡಿಕೊಂಡು ಅವಳಿಗೆ ಹಸಿವಾದಾಗ ಉಣ್ಣುವಂಥ ಒಂದು ಸಮಾಧಾನ.

ಆವತ್ತು ನೀನು ಕೈ ತೊಳೆದಿದ್ದೆ ಕಣೇ. ಯಾರು ಮಾತಾಡಿದ್ದು, ಕಪ್ಪು ಕನ್ನಡಕ ಸೂರಿನ ಕಡೆಗೇ ಇತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನಂದ್ರಿ? ತೊಳೆದಿದ್ದೆ, ಮೊಣಕೈವರೆಗೂ, ಬಾಗಿಲ ಹತ್ರ ನಿಂತು ನೋಡಿದ್ದೆ ನಾನು. ಮತ್ತೆ ಯಾಕೆ — ಎಂದಳು. ದೊಡ್ಡ ಡಾಕ್ಟರು ಯಾರು ಅಂತ ಕೇಳಿದ್ರಲ್ಲ, ಯಾರದೋ ಹೆಸರು ಹೇಳ್ಬೇಕಿತ್ತು, ಕತ್ತರಿ ಚಿಮಟ ಕುದಿಸೋ ಪಾತ್ರೆ ಮೂರು ದಿನದಿಂದ ಕೆಟ್ಟಿತ್ತು, ರಿಪೇರಿಗೆ ಕಳಿಸ್ಬೇಕಾಗಿದ್ದೋಳು ನಾನು, ಮರ್ತಿದ್ದೆ, ನಿನಗಿನ್ನೂ ಚಿಕ್ಕ ವಯಸ್ಸು, ತಡ್ಕೊಳ್ತೀಯ ಅಂದ್ಕೊಂಡೆ, ತಡ್ಕೊಂಡೆ ಅಲ್ವಾ? ಕ್ಷಮ್ಸು ಗಿಮ್ಸು ಅಂತ ಕೇಳೋಳಲ್ಲ ನಾನು, ಕಾಲು ಹೋಗೋಕೆ ಮುಂಚೆ ಹೇಳಿಬಿಡೋಣ ಅನ್ನಿಸ್ತು, ಅಷ್ಟೆ. ತಡ್ಕೊಂಡೆ ಅಲ್ವಾ! ಇಪ್ಪತ್ತಾರು ವರ್ಷ, ಅಮ್ಮನ ಇಲ್ವೋ, ಮಗಳ ಹೊಕ್ಕುಳು, ಸೀಳಿದ ಬೆರಳು, ಎಲ್ಲ ಸೇರಿ ಒಂದು ತಡ್ಕೊಂಡೆ ಅಲ್ವಾ, ದೀಪವನ್ನು ಸೂರಿಗೇ ಮುಟ್ಟಿಸಿಬಿಡಬೇಕು, ಬೆಳಕಲ್ಲಿ ಒಂದು ಹನಿಯೂ ಈ ಕಾಲಿಗೆ ಬೀಳಬಾರದು, ಕೈ ದೀಪದ ತೋಳಿನ ಮೇಲಿತ್ತು, ಬೆರಳು ಬಿಗಿದಿದ್ದವು, ಅವಳು ಆ ಕೈಯನ್ನು ನೋಡಿದಳು — ಯಾರ ಕೈ ಇದು. ಗುರುವಾರ ಈ ಪಾದ ಹೋದರೆ ಈ ಸಲ ನಿಜವಾಗಿಯೂ ಈ ಕೈಯಿಂದಲೇ ಹೋಗುತ್ತದೆ, ಹೇಳೋಕಾಗಲ್ಲ ಎನ್ನಲು ಬರುವುದಿಲ್ಲ, ಈಕೆ ಅಂದು ಆಡಿದ ಸುಳ್ಳನ್ನು ನಾನು ಇವತ್ತು ನಿಜ ಮಾಡಿಕೊಟ್ಟ ಹಾಗಾಗುತ್ತದೆ, ಕೊಳಕು ಕೈಯವಳು, ಹೌದು, ನಾನೇ ನೋಡಿದೀನಿ — ಇಲ್ಲ, ಅಷ್ಟು ಉಪಕಾರ ನಿನಗೆ ಮಾಡಲಾರೆ. ಕರುಣೆಯಲ್ಲ, ಕರುಣೆ ಇದ್ದಿದ್ದರೆ ಹೀಗೆ ಹಲ್ಲು ಕಚ್ಚಬೇಕಾಗಿರಲಿಲ್ಲ. ಗುಂಡಿ ಒತ್ತಿದಳು, ಯಂತ್ರ ಕೀಂ ಎಂದು ಕೂಗಿ ಆರು ನಿಮಿಷಕ್ಕೆ ನಿಂತಿತು, ದೀಪವನ್ನು ಇಳಿಸಿ ಹೆಬ್ಬೆರಳು ಕಿರುಬೆರಳು ಅಗಲಿಸಿದಳು, ಒಂದು ಗೇಣು, ಸೊನ್ನೆಯಿಂದ ಮತ್ತೆ ಹದಿನೈದು.

ಪರದೆ ಸರಿಯಿತು, ಬೆಳಕಿನ ಡಾಕ್ಟರು, ಯಾಕೆ ಸಿಸ್ಟರ್, ಮಧ್ಯದಲ್ಲಿ ಕೂಗ್ತಲ್ಲ? ತಾನಾಗೇ ನಿಂತೋಯ್ತು ಮೇಡಂ, ಮೆಷಿನ್ ಕೈಕೊಡ್ತು, ಮೊದಲಿಂದ ಹಾಕಿದೀನಿ. ಎಷ್ಟು ಸಲೀಸಾಗಿ ಬಂತು, ಒಂದು ಅಕ್ಷರವೂ ತೊಡರಲಿಲ್ಲ. ಮೆಷಿನ್ ಕೈಕೊಡ್ತು. ಹದಿನೈದು ನಿಮಿಷ ನೀಲಿ ಕರಗುವುದನ್ನು ನೋಡಿಕೊಂಡು ಕೂತಳು, ಅಂಚಿನಿಂದ ಒಳಕ್ಕೆ ಬಿಳಿಚುತ್ತ, ಬಿಳಿಚುತ್ತ, ಮುಗಿದ ಮೇಲೆ ಡಾಕ್ಟರು ಮಸೂರ ಹಿಡಿದು ಬಗ್ಗಿದವರು ಚಪ್ಪಾಳೆ ತಟ್ಟುವುದೊಂದು ಬಾಕಿ, ಕಾಳುಕಾಳಾಗಿ ಎದ್ದಿದೆ ನೋಡಿ ಸಿಸ್ಟರ್, ಕೆಂಪಗೆ, ಗುರುವಾರದ ಆಪರೇಷನ್ ಬೇಡ ಅಂತ ನಾನೇ ಮಾತಾಡ್ತೀನಿ, ಎಂದು ಹಾಗೇ ತಿರುಗಿ, ಮೆಕ್ಯಾನಿಕ್ಕನ್ನ ಕರೀರಿ ಅಂದರು. ಮೆಕ್ಯಾನಿಕ್ಕು ಬಂದ, ದಪ್ಪ ಕನ್ನಡಕ, ತಲೆಯೆಲ್ಲ ನರೆತಿದೆ, ಈ ಕಟ್ಟಡದ ಯಂತ್ರಗಳನ್ನೆಲ್ಲ ಹೆತ್ತವನ ಹಾಗೆ ನೋಡಿಕೊಳ್ಳುವವನು, ಸರದಿಯಲ್ಲಿದ್ದ ನಾಲ್ಕು ಜನ ಬಾಗಿಲಲ್ಲಿ ಇಣುಕುತ್ತಿದ್ದರು. ಹೋದ ವಾರ ತಾನೇ ನೋಡಿದ್ರಲ್ಲ, ಏನು ನೋಡಿದ್ರಿ? ಎಲ್ಲಾ ಸರಿಯಾಗಿತ್ತು ಮೇಡಂ. ಸರಿಯಾಗಿದ್ರೆ ತಾನಾಗೇ ಹೇಗ್ರೀ ನಿಲ್ಲುತ್ತೆ, ಒಬ್ಬರ ಪಾದದ ಪ್ರಶ್ನೆ ಇದು, ಇಲ್ಲೇ ಬಿಚ್ಚಿ, ನನ್ನ ಕಣ್ಣೆದುರಿಗೆ. ಅವನು ಬಿಚ್ಚಿದ, ಒಂದು, ಎರಡು, ಮೂರು, ನಾಲ್ಕು ಸ್ಕ್ರೂ, ಇಡಲು ಜಾಗ ಕಾಣದೆ ಎಡ ಅಂಗೈಯಲ್ಲೇ ಇಟ್ಟುಕೊಂಡ, ಒಳಗೆ ಇಣುಕಿದ, ತಂತಿ ಮುಟ್ಟಿ ನೋಡಿದ, ಏನೂ ಆಗಿಲ್ಲ ಮೇಡಂ. ಇನ್ನೊಂದ್ಸಲ ನೋಡಿ. ನೋಡಿದ. ಇನ್ನೊಂದ್ಸಲ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು, ಅವನ ಕಿವಿ ಕೆಂಪಾಯಿತು, ನಾನು ಸರಿಯಾಗೇ ನೋಡಿದ್ದೆ ಮೇಡಂ, ನನ್ನ ಮಕ್ಕಳಾಣೆ, ಆಣೆ ಗೀಣೆ ಬೇಡ, ಹಾಗಾದ್ರೆ ಸಿಸ್ಟರ್ ಸುಳ್ಳು ಹೇಳ್ತಾರಾ, ಎಂದಾಗ ಅವನು ಇವಳ ಕಡೆ ನೋಡಿದ, ಕೋಪವಿಲ್ಲ, ಆಶ್ಚರ್ಯ, ಬರೇ ಆಶ್ಚರ್ಯ. ಆಗ ಮಂಚದಿಂದ ಹೆಡ್ ಸಿಸ್ಟರ್, ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಗಟ್ಟಿ ದನಿಯಲ್ಲಿ, ಹೌದು ಡಾಕ್ಟ್ರೇ, ಠಪ್ ಅಂತ ನಿಂತೋಯ್ತು, ನಾನೇ ನೋಡಿದೀನಿ. ಕಪ್ಪು ಕನ್ನಡಕದಲ್ಲಿ ಏನೂ ಕಾಣದೆ ಮಲಗಿದ್ದವಳು. ನಾನೇ ನೋಡಿದೀನಿ. ಹೇಳಿ ಇವಳ ಕಡೆ ತಿರುಗಿ ಇಷ್ಟೇ ಇಷ್ಟು ನಕ್ಕಳು, ಮನೆಯವರು ಮನೆಯವರನ್ನು ನೋಡಿ ನಗುವ ಹಾಗೆ, ನೀನೂ ಬಂದ್ಯಾ, ಬಾ, ಕೂತ್ಕೋ — ಥೂ. ಇಲ್ಲ ಮೇಡಂ, ಎಂದಳು ಸೋಪಮ್ಮ, ದನಿ ಹೊಸದು, ಯಾವ ವರ್ಷದ್ದೂ ಅಲ್ಲ, ಇವರು ಏನೂ ನೋಡಿಲ್ಲ, ಮೆಷಿನ್ ನಿಂತಿಲ್ಲ, ನಿಲ್ಲಿಸಿದ್ದು ನಾನು, ಅದಕ್ಕೆ ಮುಂಚೆ ಆರು ನಿಮಿಷ ದೀಪಾನ ಬೇಕಂತಲೇ ಒಂದು ಮೊಳ ಮೇಲೆ ಎತ್ತಿದ್ದೆ, ಇವರ ಕಾಲು ಹೋಗ್ಲಿ ಅಂತ. ಹೆಡ್ ಸಿಸ್ಟರಿನ ನಗೆ ಮುಖದ ಮೇಲೆ ದಾರಿ ತಪ್ಪಿ ನಿಂತಿತು, ಡಾಕ್ಟರು ಏನೋ ಕೇಳುತ್ತಿದ್ದಾರೆ, ಏನು ಸಿಸ್ಟರ್, ಏನಂದ್ರಿ, ಇನ್ನೊಂದ್ಸಲ ಹೇಳಿ, ಹೇಳಬೇಕು, ಹೇಳುತ್ತೇನೆ, ಎಷ್ಟು ಸಲ ಬೇಕಾದರೂ, ಆದರೆ ಕಣ್ಣು ಬೇರೆ ಕಡೆ ಸಿಕ್ಕಿಕೊಂಡಿದೆ, ಮೆಕ್ಯಾನಿಕ್ಕು ಇನ್ನೂ ಅಂಗೈ ಚಾಚಿಕೊಂಡೇ ನಿಂತಿದ್ದಾನೆ, ಮುಚ್ಚಬಹುದೋ ಬಾರದೋ ತಿಳಿಯದೆ, ಬೆವರಿದ ಅಂಗೈ, ನಾಲ್ಕು ಸ್ಕ್ರೂ, ಒಂದು ಉರುಳಿ ಬೆರಳ ಸಂದಿಗೆ ಬಂದು ನಿಂತಿದೆ, ಬಿದ್ದಿಲ್ಲ, ನಾಲ್ಕು ಸ್ಕ್ರೂ, ಸಣ್ಣವು, ಹೊಳೆಯುವವು, ಚಾಚಿದ ಅಂಗೈ, ನಾಲ್ಕು ಸ್ಕ್ರೂ —